ಎರಡನೆಯ ಮೊಳ ಮಲ್ಲಿಗೆ

ಕಪಿಲೆಯ ದಂಡೆಯಲ್ಲಿ ಕೂತು ಎಲ್ಲರ ಮೊರೆಯನ್ನೂ ಬೇಸರಿಸದೆ ಕೇಳುವ ಶ್ರೀಕಂಠೇಶ್ವರನಿಗೆ ಶರಣು.

ನಂಜನಗೂಡಿನ ಕಾಲೇಜೊಂದರಲ್ಲಿ ನಾನು ಅಂತರರಾಷ್ಟ್ರೀಯ ಕಾನೂನು ಪಾಠ ಮಾಡುತ್ತೇನೆ. ಕ್ಲಾಸಿನಲ್ಲಿ ಹೇಳಿದ್ದು ಮನೆತನಕ ಹಿಂಬಾಲಿಸಿ ಬಂದು ನನ್ನನ್ನೇ ಕಾಡುವುದು ಹೊಸದಲ್ಲ. ಅತ್ತೆಯ ಮಂಡಿನೋವಿಗೆಂದು ನನ್ನಾಕೆ ತಿ. ನರಸೀಪುರಕ್ಕೆ ಹೋದ ಮೇಲೆ ಅದು ಹೆಚ್ಚಾಯಿತು. ವಾರಕ್ಕೆಂದು ಹೋದವಳು. ತಿಂಗಳಾಗಿ, ಮಂಡಿ ವಾಸಿಯಾದರೂ ಅತ್ತೆ ಮಗಳನ್ನು ಬಿಟ್ಟಿರಲಿಲ್ಲ.

೧. ಪೊಲೀಸರಿಲ್ಲದ ಕಾನೂನು

ದೇಶಗಳ ಮೇಲೆ ಪೊಲೀಸರಿಲ್ಲ, ತಾವೇ ಒಪ್ಪಿದ ಮಾತಿಗೆ ಅವು ಕಟ್ಟುಬೀಳಬೇಕು ಎಂದೆ. ಕವಲಂದೆ ಕಡೆಯ ವಿದ್ಯಾರ್ಥಿಯೊಬ್ಬ ಎದ್ದ.

“ಒಪ್ಕಂಡು ಆಮ್ಯಾಕೆ ತಪ್ಪುದ್ರೆ ಯಾರ್ ಕೇಳೋರು ಸಾ?”

“ನಿಮ್ಮೂರಲ್ಲಿ ಒಬ್ಬರ ಗದ್ದೆ ಕೆಲಸಕ್ಕೆ ಇನ್ನೊಬ್ಬರು ಹೋಗುವ ಮುಯ್ಯಾಳು ಇದೆಯಲ್ಲ. ಅವರ ನಾಟಿಗೆ ನೀವು ಹೋಗದಿದ್ದರೆ?”

“ನಮ್ ನಾಟಿಗೆ ಅವ್ರು ಬರಾಕಿಲ್ಲ.”

“ಈ ಕಾನೂನಿನ ಬಲವೂ ಅದೇ.”

“ಅಂಗಾರೆ ನಮ್ಮವ್ವನ್ನೇ ಈ ಕಾನೂನ್ ಕೋರ್ಟಿಗೆ ಜಡ್ಜ್ ಮಾಡ್ಬೋದು ಸಾ. ಯಾರ್ ಬರ್ನಿಲ್ಲ ಅನ್ನೋದ ಸಾಯಗಂಟ ಮರಿಯಾಕಿಲ್ಲ.”

೨. ಬಾಳೆಹಣ್ಣಿನ ದಿಗ್ಬಂಧನ

ಈ ಮಾತನ್ನು ನನ್ನಾಕೆಗೆ ಹೇಳಿ ನಗಿಸಬೇಕೆಂದು ಬೇಗಬೇಗ ಮನೆಗೆ ನಡೆದೆ. ಬಾಗಿಲ ಬೀಗ ನೋಡಿದ ಮೇಲೆ ನೆನಪಾಯಿತು. ಅಲ್ಲೇ ನಿಂತು ಅತ್ತೆಗೆ ಫೋನ್ ಮಾಡಿದೆ.

“ಒಂದು ವಾರ ಅಂತ ಮಾತಾಗಿತ್ತಲ್ಲ ಅತ್ತೆ.”

“ಆಗಿತ್ತು. ಕಳಿಸ್ದೆ ಇದ್ರೆ ಏನ್ ಮಾಡೀರಿ ಅಳಿಯಂದ್ರೇ?”

ಮಾತು ತಪ್ಪಿದ ದೇಶಕ್ಕೆ ಉಳಿದವರು ಸರಕು ನಿಲ್ಲಿಸುತ್ತಾರೆ ಎಂಬ ಪಾಠ ನೆನಪಾಗಿ, “ಬಸ್ಸಲ್ಲಿ ಕಳಿಸೋ ರಸಬಾಳೆ ನಿಲ್ಲಿಸ್ತೀನಿ” ಎಂದೆ.

“ನಿಲ್ಸಿ, ಪುಣ್ಯ ಬತ್ತದೆ. ಸಕ್ಕರೆ ಕಾಯ್ಲೆಗೆ ಡಾಕ್ಟ್ರೂ ಅದನ್ನೇ ಹೇಳವ್ರೆ.”

೩. ಫೋಟೋಗೆ ಹಾಕಿದ ಹೂವು

ದಿನಾ ಎರಡು ಮೊಳ ಮಲ್ಲಿಗೆ ತರುವುದು ನನ್ನ ರೂಢಿ. ಒಂದು ದೇವರಿಗೆ, ಒಂದು ಅವಳ ಮುಡಿಗೆ. ಅವಳಿಲ್ಲವೆಂದು ಹೂವಿನವಳ ಹತ್ತಿರ ಒಂದೇ ಮೊಳ ಕೇಳಲು ಬಾಯಿ ಬರಲಿಲ್ಲ. ತಂದದ್ದನ್ನು ಬಾಡಿಸಲೂ ಮನಸ್ಸಾಗದೆ ಗೋಡೆಯ ಮೇಲಿನ ಅವಳ ಫೋಟೋಗೆ ಹಾಕಿ, ಪೂಜೆಯ ಊದುಬತ್ತಿಯನ್ನೂ ಅಲ್ಲೇ ಸಿಕ್ಕಿಸಿದೆ.

ಹೆಪ್ಪು ಕೇಳಲು ಬಂದ ಪಕ್ಕದ ಮನೆಯಾಕೆ ಅದನ್ನು ನೋಡಿದರು. ನಾನು ಬಾಯಿ ತೆಗೆಯುವುದರೊಳಗೆ ಸೆರಗನ್ನು ಬಾಯಿಗಿಟ್ಟುಕೊಂಡು ಓಡಿದರು. ಸ್ವಲ್ಪ ಹೊತ್ತಿಗೆಲ್ಲ ಜಗಲಿಯ ತುಂಬ ಜನ, ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಸುದ್ದಿ ಮುಟ್ಟಿದಷ್ಟು ಬೇಗ ಯಾವ ಕೋರ್ಟಿನ ಸಮನ್ಸೂ ತಿ. ನರಸೀಪುರ ಮುಟ್ಟಿರಲಾರದು. ಅವಳದೇ ಫೋನ್ ಬಂತು.

“ನಾನು ತೀರ್ಕೊಂಡ್ನಂತೆ. ನಂಗೊಂದು ಮಾತು ಹೇಳ್ಬಾರ್ದಿತ್ತಾ?”

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದಳು. ಚೀಲ ಇಳಿಸುವ ಮೊದಲು ಫೋಟೋದ ಹೂವು ಕಿತ್ತು ತಾನೇ ಮುಡಿದಳು. ನನಗೆ ಕಣ್ಣು ಮಂಜಾಯಿತು.

“ಅತ್ತೆ ಹೇಗೆ ಬಿಟ್ಟರು?” ಎಂದೆ.

“ಅವ್ವನೇ ಅಂದ್ಲು, ‘ಮೊದ್ಲು ಹೊರಡವ್ವ. ಇನ್ನೊಂದ್ ವಾರ ಇಲ್ಲೇ ಇದ್ರೆ ನಿನ್ ಗಂಡ ತಿಥಿ ಊಟನೂ ಹಾಕ್ಬುಡ್ತಾರೆ.’”

ಕೇಳಿದ ನಿಮ್ಮೆಲ್ಲರನ್ನೂ ನಂಜುಂಡಪ್ಪ ಕಾಯಲಿ. ನಿಮ್ಮ ಮನೆಗೆ ಬಂದ ಹೂವಿಗೆ ಮುಡಿಯುವವರಿರಲಿ.