ಜೋಳವಿಲ್ಲದ ಪೆಟ್ರೋಲ್

"ಇನ್ನೊಂದ್ಸಲ ಈ ಗಾಡಿಗೆ ಜೋಳ ಕುಡಿಸಿದ್ರೆ ನನ್ನ ಹತ್ರ ತರ್ಬೇಡ ಮಾರಾಯ!" ಎಂದು ಮೆಕ್ಯಾನಿಕ್ ಗಸ್ ಕೈ ಒರೆಸಿಕೊಳ್ಳುತ್ತ ಹೇಳಿದ್ದೇ ಎಲ್ಲ ಫಜೀತಿಗೂ ಮೂಲ.

ಗಸ್ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಅಮೆರಿಕದ ನಮ್ಮ ಅಯೋವಾ ರಾಜ್ಯದ ಪೆಟ್ರೋಲಿನಲ್ಲಿ ಮೆಕ್ಕೆಜೋಳದಿಂದ ಇಳಿಸಿದ ಎಥನಾಲ್ ಬೆರೆತಿರುತ್ತದೆ. ಈಗಿನ ಗಾಡಿಗಳು ಹೇಗೋ ಜೀರ್ಣಿಸಿಕೊಳ್ಳುತ್ತವೆ. ವರ್ಲಿನ್ ಹಾಲ್ವೊರ್ಸನ್‌ನ ಮೋಟಾರ್ ಸೈಕಲ್ ಎಪ್ಪತ್ನಾಲ್ಕನೇ ಇಸವಿಯದು, ಅದಕ್ಕೆ ಆಗಿಬರುವುದಿಲ್ಲ. ಚಳಿಗಾಲವಿಡೀ ಟ್ಯಾಂಕಿನಲ್ಲಿ ಕೂತ ಪೆಟ್ರೋಲು ಕಾರ್ಬುರೇಟರಿನೊಳಗೆ ಅಂಟಾಗಿ, ಗಾಡಿ ಎರಡು ಸಲ ಕೆಮ್ಮಿ ಮಲಗಿಬಿಟ್ಟಿತ್ತು. ಗಸ್ ಎಲ್ಲವನ್ನೂ ಬಿಚ್ಚಿ, ತೊಳೆದು, ಟ್ಯಾಂಕ್ ಖಾಲಿ ಮಾಡಿ ಕೊಟ್ಟಿದ್ದ.

"ಬರೀ ಪೆಟ್ರೋಲ್ ಹಾಕು. ಜೋಳದ ಒಂದು ಹನೀನೂ ಸೇರ್ಬಾರದು."

ಹೇಳುವುದು ಸುಲಭ. ನಮ್ಮ ನೂರ್ಡಾಲ್ ಊರಿನಲ್ಲಿ ಜೋಳ ಬೆಳೆಯದವರೆಂದರೆ ಪಾದ್ರಿಯಮ್ಮ, ಗಸ್ ಮತ್ತು ಮೂವತ್ತು ವರ್ಷ ಸ್ಕೂಲ್ ಬಸ್ ಓಡಿಸಿ ನಿವೃತ್ತನಾದ ವರ್ಲಿನ್, ಈ ಮೂವರೇ. ಉಳಿದವರೆಲ್ಲರ ಜೋಳವೂ ಊರಾಚೆಯ ಎಥನಾಲ್ ಕಾರ್ಖಾನೆಗೆ ಹೋಗುತ್ತದೆ. ಆ ಕಾರ್ಖಾನೆಯ ಆಡಳಿತ ಮಂಡಳಿಯಲ್ಲಿ ಠೀವಿಯಿಂದ ಕೂತಿರುವ ಡೆಲ್ಮರ್, ವರ್ಲಿನ್‌ನ ಹೆಂಡತಿ ಲವೋನಳ ಖಾಸಾ ಅಣ್ಣ. ಸಹಕಾರ ಸಂಘದ ಬಂಕಿನಲ್ಲಿ ಜೋಳವಿಲ್ಲದ ಪೆಟ್ರೋಲಿನ ಪಂಪೂ ಒಂದಿದೆ, ದೋಣಿ ಎಳೆದುಕೊಂಡು ಬರುವ ಪರವೂರಿನವರಿಗಾಗಿ. ಆದರೆ ಅದು ಬಂಕಿನೊಳಗಿನ ಕಾಫಿ ಮೇಜಿನ ಕಿಟಕಿಯ ಎದುರಿಗೇ ಇದೆ. ಡೆಲ್ಮರ್ ಮತ್ತು ಅವನ ಸಂಗಡಿಗರು ಬೆಳಗ್ಗೆ ಆರಕ್ಕೆ ಆ ಕಿಟಕಿಯ ಬಳಿ ಕೂತರೆ ಹನ್ನೊಂದರವರೆಗೆ ಏಳುವುದಿಲ್ಲ. ಊರಿನವನೊಬ್ಬ ಆ ಪಂಪಿಗೆ ಕೈ ಹಾಕುವುದೆಂದರೆ ಬೀಗರ ಊಟಕ್ಕೆ ಹೋಗಿ ಸ್ವಂತ ಬುತ್ತಿ ಬಿಚ್ಚಿದ ಹಾಗೆ.

ಆದರೆ ಇವತ್ತು ಬೇರೆ ದಾರಿಯಿರಲಿಲ್ಲ. ಇವತ್ತಿಗೆ ವರ್ಲಿನ್ ಮತ್ತು ಲವೋನಳ ಮದುವೆಯಾಗಿ ನಲವತ್ತು ವರ್ಷ. ಇಪ್ಪತ್ತನೇ ವರ್ಷದ ದಿನ ವರ್ಲಿನ್ ಅವಳನ್ನು ಇದೇ ಗಾಡಿಯ ಹಿಂದೆ ಕೂರಿಸಿಕೊಂಡು ಸರೋವರದ ದಂಡೆಯ ಮೀನೂಟಕ್ಕೆ ಹೊರಟಿದ್ದ. ಹಳ್ಳದ ಸೇತುವೆಯ ಹತ್ತಿರ ಗಾಡಿ ನಿಂತಿತು. ಮೂರು ಗಂಟೆ ಬಿಸಿಲಲ್ಲಿ ಕೂತು, ಕೊನೆಗೆ ಯಾರದೋ ಟ್ರ್ಯಾಕ್ಟರ್ ಹತ್ತಿ ಮನೆಗೆ ಬಂದಿದ್ದರು. ಅವತ್ತಿನಿಂದ ಲವೋನ್ ಗಾಡಿ ಹತ್ತಿರಲಿಲ್ಲ. ಹತ್ತು ಅಂತ ಕೇಳುವ ಧೈರ್ಯ ವರ್ಲಿನ್‌ಗೂ ಬಂದಿರಲಿಲ್ಲ. ಮೊನ್ನೆಯಷ್ಟೇ ಅಂತೂ ಕೇಳಿದ್ದ, ಅವಳು ತಕ್ಷಣ ಹೂಂ ಅಂದುಬಿಟ್ಟಿದ್ದಳು. ಇವತ್ತೂ ಗಾಡಿ ಕೈ ಕೊಟ್ಟರೆ ಇನ್ನು ಈ ಜನ್ಮಕ್ಕೆ ಹತ್ತುವುದಿಲ್ಲ ಎಂದು ಅವನಿಗೆ ಹೆದರಿಕೆ.

"ಇವತ್ತು ನಿಲ್ಲಲ್ಲ ತಾನೆ?" ಎಂದು ಬೆಳಗ್ಗೆ ಲವೋನ್ ಕೇಳಿದ್ದಳು.

"ನಿನ್ನಾಣೆಗೂ ನಿಲ್ಲಲ್ಲ ಕಣೇ."

"ಓಹೋ," ಎಂದು ಅವಳು ಮೊಟ್ಟೆ ಬೇಯಿಸಲಿಟ್ಟಳು.

"ಅಲ್ಲಿ ಮೀನೂಟ ಇರುವಾಗ ಮೊಟ್ಟೆ ಯಾಕೆ?"

"ಇರ್ಲಿ ಬಿಡು, ದಾರಿಗೆ."

ವರ್ಲಿನ್ ಕೆಂಪು ಡಬ್ಬವನ್ನು ಪಿಕಪ್ಪಿನಲ್ಲಿಟ್ಟುಕೊಂಡು ಬಂಕಿಗೆ ಹೋದ. ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು ದೋಣಿಯವರ ಪಂಪಿನತ್ತ ಅಡ್ಡಡ್ಡ ನಡೆದ. ಇನ್ನೇನು ಪೈಪಿಗೆ ಕೈ ತಾಗಬೇಕು, ಅಷ್ಟರಲ್ಲಿ ಬಾಗಿಲು ಧಡಾರನೆ ತೆರೆಯಿತು.

"ಏನೋ ವರ್ಲಿನ್, ಯಾವಾಗ ದೋಣಿ ತಗೊಂಡೆ?" ಡೆಲ್ಮರ್ ಕಾಫಿ ಲೋಟ ಹಿಡಿದುಕೊಂಡೇ ಬಂದಿದ್ದ. ಕಿಟಕಿಯಲ್ಲಿ ಮೂರು ಮುಖಗಳು ಗಾಜಿಗೆ ಅಂಟಿಕೊಂಡಿದ್ದವು.

"ಇಲ್ಲ, ಇಲ್ಲ... ಟಯರಿಗೆ ಗಾಳಿ ಎಲ್ಲಿದೆ ಅಂತ ನೋಡ್ತಿದ್ದೆ."

"ಡಬ್ಬಕ್ಕೆ ಗಾಳಿ ತುಂಬಿಸ್ತೀಯೇನೋ? ಕೊಡಿಲ್ಲಿ. ಮದುವೆ ದಿನ ಇವತ್ತು, ನಂದೂ ಒಂದು ಉಡುಗೊರೆ ಇರ್ಲಿ." ಡೆಲ್ಮರ್ ಡಬ್ಬ ಕಿತ್ತುಕೊಂಡು ಹಳದಿ ಪೈಪಿನ ಪಂಪಿನಿಂದ ಅಂಚಿನವರೆಗೆ ತುಂಬಿಸಿದ. ಅದು ಬರೀ ಜೋಳದ್ದೇ ಕಾರುಬಾರು. ನೂರರಲ್ಲಿ ಎಂಬತ್ತೈದು ಪಾಲು ಎಥನಾಲ್! "ಅಪ್ಪಟ ನಮ್ಮೂರ ಮಾಲು. ಹಾಕ್ಕೊಂಡು ಹಾರು!"

"ತುಂಬಾ ಉಪಕಾರವಾಯ್ತು," ಎಂದ ವರ್ಲಿನ್. ನಮ್ಮೂರಲ್ಲಿ ತಲೆಗೆ ಕಲ್ಲು ಬಿದ್ದರೂ ಮೊದಲು ಹಾಗೆಯೇ ಹೇಳುವುದು.

ಇನ್ನು ಉಳಿದದ್ದು ಇಪ್ಪತ್ತು ಮೈಲಿ ಆಚೆಯ ಪ್ರೇರಿ ಬ್ಲಫ್ ಊರಿನ ಬಂಕು. ಅಲ್ಲಿ ಯಾರಿಗೂ ತನ್ನ ಗುರುತಿಲ್ಲ ಎಂದು ವರ್ಲಿನ್ ನಿರಾಳವಾಗಿ ಅಲ್ಲಿಗೆ ಹೋಗಿ ಆ ಬಂಕಿನ ಹಿಂಬದಿಗೆ ತಿರುಗಿದ. ಅಲ್ಲಿ ಜೋಳವಿಲ್ಲದ ಪಂಪಿನ ಎದುರು, ಕಪ್ಪು ಕನ್ನಡಕ ಹಾಕಿಕೊಂಡು, ಎರಡು ಡಬ್ಬ ಹಿಡಿದು ನಿಂತಿದ್ದರು ನಮ್ಮ ಪಾದ್ರಿಯಮ್ಮ ಇಂಗ್ರಿಡ್!

ಅವನನ್ನು ಕಂಡದ್ದೇ ಅವರು ಡಬ್ಬಗಳನ್ನು ಬೆನ್ನ ಹಿಂದೆ ಸರಿಸಿದರು.

"ಚರ್ಚಿನ ಹುಲ್ಲು ಕತ್ತರಿಸೋ ಮಷಿನ್ನಿಗೆ," ಎಂದರು ಪಾದ್ರಿಯಮ್ಮ, ಮುಖ ಕೆಂಪಾಗಿ. "ಜೋಳ ಕುಡಿದು ಎರಡು ಸಲ ಸತ್ತಿದೆ ಅದು. ದೇವರಿಗೆ ಗೊತ್ತು ವರ್ಲಿನ್, ಆದರೆ ಡೆಲ್ಮರ್‌ಗೆ ಗೊತ್ತಾಗೋದು ಬೇಡ."

"ನಂದೂ ಅದೇ ಪ್ರಾರ್ಥನೆ ಅಮ್ಮಾ," ಎಂದು ವರ್ಲಿನ್ ತನ್ನ ಕಷ್ಟ ತೋಡಿಕೊಂಡ. ಡಬ್ಬ ತುಂಬ ಜೋಳ, ಖಾಲಿ ಮಾಡಲು ಜಾಗವಿಲ್ಲ. ಪಾದ್ರಿಯಮ್ಮನ ಕಾರು ಏನು ಕೊಟ್ಟರೂ ಕುಡಿಯುವ ಜಾತಿಯದು. ಡೆಲ್ಮರ್‌ನ ಉಡುಗೊರೆ ಅದರ ಹೊಟ್ಟೆಗೆ ಹೋಯಿತು, ವರ್ಲಿನ್‌ನ ಡಬ್ಬಕ್ಕೆ ಅಪ್ಪಟ ಪೆಟ್ರೋಲ್ ಬಂತು. ಇಬ್ಬರೂ ಪರಸ್ಪರರ ಗುಟ್ಟು ಕಾಯುವುದಾಗಿ ಕೈ ಕುಲುಕಿ ಬೇರೆಬೇರೆ ದಾರಿ ಹಿಡಿದರು.

ಸಂಜೆ ನಾಲ್ಕಕ್ಕೆ ಗಾಡಿ ಹೊರಟಿತು ನೋಡಿ, ಆಹಾ! ಒಂದು ಕೆಮ್ಮಿಲ್ಲ, ಒಂದು ಬಿಕ್ಕಳಿಕೆಯಿಲ್ಲ. ಲವೋನಳ ಕೈ ಅವನ ಸೊಂಟ ಬಳಸಿತ್ತು. ಇಪ್ಪತ್ತು ವರ್ಷದ ಮೇಲೆ ಬಂದ ಆ ಕೈಯ ಭಾರಕ್ಕೆ ವರ್ಲಿನ್‌ನ ಕಣ್ಣು ಒದ್ದೆಯಾಯಿತು. ಧೂಳು ಬಿತ್ತು ಎಂದು ತನಗೆ ತಾನೇ ಹೇಳಿಕೊಂಡ.

"ಸ್ವಲ್ಪ ನಿಲ್ಸು, ನನ್ನ ಸ್ಕಾರ್ಫ್ ಹಾರ್ತಿದೆ, ಕಟ್ಟು," ಎಂದಳು ಲವೋನ್. ಅವನು ಇಳಿದು ಗಂಟು ಹಾಕಿದ. ಅವಳು ಸೀಟಿನ ಮೇಲೆಯೇ ಬಗ್ಗಿ ಚಪ್ಪಲಿಯ ಪಟ್ಟಿ ಸರಿ ಮಾಡಿಕೊಂಡಳು. ಮತ್ತೆ ಹೊರಟರು. ಒಂದು ಮೈಲಿಯೂ ಕಳೆದಿರಲಿಲ್ಲ. ಹಳ್ಳದ ಸೇತುವೆ ದಾಟಿದ್ದೇ ತಡ, ಗಾಡಿ ಕೆಮ್ಮಿತು. ಬಿಕ್ಕಿತು. ನಿಂತಿತು.

ಅದೇ ಜಾಗ! ಲವೋನಳ ಮುಖ ನೋಡಲಾಗದೆ ವರ್ಲಿನ್ ಮಂಡಿಯೂರಿ ಕೂತು ಎಂಜಿನ್ ತಡಕಾಡಿದ. ಟ್ಯಾಂಕಿನ ಅಡಿಯಲ್ಲಿ, ಎಂಜಿನ್ನಿಗೆ ಪೆಟ್ರೋಲ್ ಬಿಡುವ ನಲ್ಲಿಗೆ ಕೈ ತಾಗಿತು. ನಲ್ಲಿ ಮುಚ್ಚಿತ್ತು. ಯಾರಾದರೂ ತಿರುಗಿಸಿದರಲ್ಲದೆ ತಾನಾಗಿ ಮುಚ್ಚಿಕೊಳ್ಳುವ ನಲ್ಲಿಯಲ್ಲ ಅದು.

ತಲೆಯೆತ್ತಿದ. ಲವೋನ್ ಮರದ ಬುಡದಲ್ಲಿ ಬಟ್ಟೆ ಹಾಸಿ ಮೊಟ್ಟೆ ಸುಲಿಯುತ್ತಿದ್ದಳು.

"ಸಿಕ್ತಾ?" ಎಂದಳು. "ಅಪ್ಪನ ಟ್ರ್ಯಾಕ್ಟರಲ್ಲೂ ಅಂಥದ್ದೇ ನಲ್ಲಿ ಇತ್ತು."

"ಅಂದ್ರೆ... ಅವತ್ತೂ ನೀನೇನಾ?"

"ಛೆ, ಅವತ್ತು ತಾನಾಗೇ ನಿಂತಿದ್ದು. ಇವತ್ತು ನಿಲ್ಲೋ ಲಕ್ಷಣಾನೇ ಕಾಣ್ಲಿಲ್ಲ. ಅಷ್ಟು ಚೆನ್ನಾಗಿ ಓಡ್ತಿತ್ತು ಹಾಳಾದ್ದು!" ಉಪ್ಪು ಉದುರಿಸಿ ಮೊಟ್ಟೆಯನ್ನು ಅವನ ಕೈಗಿಟ್ಟಳು. "ಬಸ್ಸು, ಬಸ್ಸು ಬಿಟ್ರೆ ಗ್ಯಾರೇಜು. ನಲವತ್ತು ವರ್ಷದಲ್ಲಿ ನೀನು ಮೂರು ಗಂಟೆ ಒಂದೇ ಕಡೆ ನನ್ನ ಜತೆ ಕೂತು ಮಾತಾಡಿದ್ದು ಅದೊಂದೇ ದಿನ ಕಣೋ. ಆಮೇಲೆ ನೀನು ಮತ್ತೆ ಕರೀಲೇ ಇಲ್ಲ."

"ನಿಂಗೆ ಸಿಟ್ಟು ಬಂದಿದೆ ಅಂದ್ಕೊಂಡೆ."

"ಕೇಳ್ಬಾರದಿತ್ತಾ, ಪೆದ್ದ!"

ವರ್ಲಿನ್ ಅವಳ ಪಕ್ಕ ಕೂತ. ಮೊಟ್ಟೆ ತಿಂದ. ಆಮೇಲೆ ನಿಧಾನವಾಗಿ ಮಾತು ಬಂತು, ಬಂದದ್ದು ನಿಲ್ಲಲಿಲ್ಲ. ಒಂದು ಗಂಟೆ ಹೋದದ್ದೇ ಇಬ್ಬರಿಗೂ ಗೊತ್ತಾಗಲಿಲ್ಲ. ಅಷ್ಟರಲ್ಲಿ ಧೂಳೆಬ್ಬಿಸಿಕೊಂಡು ಬಂತು ಡೆಲ್ಮರ್‌ನ ಪಿಕಪ್, ಕಿಟಕಿಯ ಸಂಗಡಿಗರ ಸಮೇತ. ಅವರೂ ಮೀನೂಟಕ್ಕೆ ಹೊರಟಿದ್ದರು.

"ಮತ್ತೆ ನಿಂತ್ಹೋಯ್ತಾ? ನಾನು ಕೊಟ್ಟಿದ್ದೇ ಹಾಕಿದ್ದೆ ತಾನೆ?"

ಹೂಂ ಅಂದರೆ ಊರಿನ ಜೋಳಕ್ಕೆ ಕೆಟ್ಟ ಹೆಸರು. ನಿಜ ಹೇಳಿದರೆ ಲವೋನ್ ಊರವರ ಬಾಯಿಗೆ ಬೀಳುತ್ತಾಳೆ. ವರ್ಲಿನ್ ಅವಳ ಮುಖ ನೋಡಿದ. ನಲವತ್ತು ವರ್ಷದ ಹಿಂದೆ ಚರ್ಚಿನಲ್ಲಿ ನಾಚಿದ ಹಾಗೆಯೇ ನಾಚಿದ್ದಳು.

"ಇಲ್ಲ ಡೆಲ್ಮರ್," ಎಂದ. "ಪ್ರೇರಿ ಬ್ಲಫ್‌ಗೆ ಹೋಗಿ ಜೋಳ ಇಲ್ಲದ್ದು ತಂದು ಹಾಕಿದೆ. ಅದಕ್ಕೇ ನಿಂತಿತು."

ಡೆಲ್ಮರ್ ಎದೆ ಹಿಡಿದುಕೊಂಡ. "ಸ್ವಂತ ತಂಗಿಯ ಗಂಡ!" ಎಂದು ಸಂಗಡಿಗರತ್ತ ತಿರುಗಿ, ಪಿಕಪ್ಪಿನಿಂದ ಡಬ್ಬ ತಂದು ಟ್ಯಾಂಕಿಗೆ ಜೋಳದ ಪೆಟ್ರೋಲ್ ಸುರಿದ. ಎಲ್ಲರ ಕಣ್ಣು ಆ ಡಬ್ಬದ ಮೇಲೆ ಇದ್ದಾಗ ಲವೋನ್ ಗಾಡಿಯ ಪಕ್ಕ ಬಗ್ಗಿ ಚಪ್ಪಲಿಯ ಪಟ್ಟಿಯನ್ನು ಇನ್ನೊಮ್ಮೆ ಸರಿ ಮಾಡಿಕೊಂಡಳು. ವರ್ಲಿನ್ ಕಿಕ್ ಹೊಡೆದ. ಗಾಡಿ ಗುಡುಗಿತು!

"ನೋಡಿದ್ರಾ!" ಡೆಲ್ಮರ್ ಕುಣಿದೇಬಿಟ್ಟ.

ಈಗ ಸಂಘದ ಬಂಕಿನಲ್ಲಿ ವರ್ಲಿನ್‌ನ ಗಾಡಿಯ ಫೋಟೋ ತೂಗುಹಾಕಿದ್ದಾರೆ. ಅದರ ಕೆಳಗೆ "ಸತ್ತಿದ್ದನ್ನೂ ಎಬ್ಬಿಸಿದ ನಮ್ಮೂರ ಜೋಳ" ಎಂದು ಡೆಲ್ಮರ್‌ನ ಅಕ್ಷರ. ಪ್ರತಿ ಶನಿವಾರ ವರ್ಲಿನ್ ಕಿಟಕಿಯ ಎದುರು ಗಾಡಿ ನಿಲ್ಲಿಸಿ, ಕೈ ಬೀಸಿ, ಜೋಳದ ಪೆಟ್ರೋಲನ್ನೇ ಹಾಕಿಸಿಕೊಳ್ಳಬೇಕು. ಬರುವ ಬೇಸಿಗೆಗೆ ಗಾಡಿ ಮತ್ತೆ ದಾರಿಯಲ್ಲಿ ಕೈ ಕೊಡುವುದು ಗ್ಯಾರಂಟಿ ಎಂದು ಗಸ್ ಬೈದು ಕಳಿಸಿದ್ದಾನೆ. ವರ್ಲಿನ್ ಮುಖ ಸಣ್ಣಗೆ ಮಾಡಿಕೊಂಡು ಮನೆಗೆ ಬಂದು ಹೇಳಿದ.

"ಎಷ್ಟು ಹೊತ್ತು ನಿಲ್ಲುತ್ತಂತೆ?" ಲವೋನ್ ಕೇಳಿದಳು.

"ಅದನ್ನ ಹೇಗೆ ಹೇಳೋಕಾಗತ್ತೆ?"

"ಹಾಗಾದ್ರೆ ಮೊಟ್ಟೆ ಜಾಸ್ತೀನೇ ಬೇಯಿಸ್ತೀನಿ ಬಿಡು," ಎಂದಳು ಅವಳು.