ನನ್ನ ಓಟು ನನಗಿಂತ ಮೊದಲು ಅವರಿಗೇ ಗೊತ್ತು

ಬನ್ನಿ, ಆ ಫೋನು ಪಕ್ಕಕ್ಕಿಟ್ಟು ಹತ್ತಿರ ಕೂತ್ಕೊಳ್ಳಿ. ಅಮೆರಿಕದ ಈ ಫ್ರೀಮಾಂಟಲ್ಲಿ ಇದ್ದೂ ಇದ್ದೂ ಕೊನೆಗೆ ಸಿಟಿಜನ್ ಆದೆ, ಮೊದಲ ಸಲ ಓಟು ಬಂತು. ಅವತ್ತಿಂದ ನನ್ನ ಹಣೆಯ ಕುಂಕುಮ ಕಂಡವರೆಲ್ಲ ನಾನು ಯಾರಿಗೆ ಹಾಕ್ತೀನಿ ಅಂತ ನನಗೇ ಹೇಳೋದು. ನನಗೆ ಬೇಕಾಗಿದ್ದು ಬಸ್ಸು. ಬೀದಿ ಕೊನೆಯಿಂದ ವಯಸ್ಸಾದವರು ಸೇರೋ ಸೀನಿಯರ್ ಸೆಂಟರಿಗೆ ಹೋಗ್ತಿದ್ದುದನ್ನ ನಿಲ್ಲಿಸಿಬಿಟ್ಟಿದ್ದರು. ಸಿಟಿ ಕೌನ್ಸಿಲ್ಲಿಗೆ ನಿಂತವರಲ್ಲಿ ಒಬ್ಬಾಕೆ ಮಾತ್ರ ಅದನ್ನ ವಾಪಸ್ ತರ್ತೀನಿ ಅಂದಿದ್ದಳು.

೧. ತೋರಣದ ಮನೆ

ಬಾಗಿಲ ತೋರಣ ನೋಡಿ ಬೆಲ್ಲು ಒತ್ತಿದವಳು ಬೆಂಗಳೂರಿನವಳೇ. ಇನ್ನೊಬ್ಬ ಅಭ್ಯರ್ಥಿಯ ಪ್ರಚಾರಕ್ಕೆ ಬಂದಿದ್ದಳು.

"ಆಂಟಿ, ನಮ್ಮ ಕ್ಯಾಂಡಿಡೇಟು ದೀಪಾವಳಿಗೆ ದೇವಸ್ಥಾನಕ್ಕೆ ಬಂದಿದ್ದರು, ಕುರ್ತಾ ಹಾಕ್ಕೊಂಡು."

"ಬರಲಿ ತಾಯಿ, ಪ್ರಸಾದ ಎಲ್ಲರಿಗೂ ಕೊಡ್ತಾರೆ. ಬಸ್ಸು?"

ಕೈಯಲ್ಲಿದ್ದ ಟ್ಯಾಬು ಮೇಲೆ ಕೆಳಗೆ ಉಜ್ಜಿ ನೋಡಿದಳು. "ಹಿಂದೂ ಮನೆಗಳಲ್ಲಿ ಹೇಳಬೇಕಾದ್ದರಲ್ಲಿ ಬಸ್ಸು ಇಲ್ಲ ಆಂಟಿ."

೨. ಪಕ್ಕದ ಬೀದಿ

ಬಸ್ಸು ಇದ್ದಾಗ ಅದರಲ್ಲಿ ನನ್ನ ಜೊತೆಗಾತಿ ಪಕ್ಕದ ಬೀದಿಯ ಮುಸ್ಲಿಂ ಅಜ್ಜಿ, ಹುಬ್ಬಳ್ಳಿ ಕಡೆಯವಳು. ಅವಳ ಹತ್ತಿರ ಉರಿ ಹೇಳ್ಕೊಂಡೆ.

"ನಮ್ಮನಿಗೂ ಬಂದಿದ್ಲು ಬಿಡವಾ. ಅವರ ಮನಶ್ಯಾ ಇಫ್ತಾರಕ್ಕ ಬಂದಿದ್ನಂತ, ಟೊಪಿಗಿ ಹಾಕ್ಕೊಂಡು. ಉಂಡು ಹೋದ್ನಲ್ಲ, ಛಲೋ ಆತು ಅಂದೆ. ನನಗ ಮೊಣಕಾಲು ನೋವು, ಸ್ಟಾಪಿನ್ಯಾಗ ಕೂಡಾಕ ಒಂದು ಬೆಂಚ್ ಹಾಕಸ್ತಾನೇನು ಅಂತ ಕೇಳಿದೆ."

"ಏನಂದಳು?"

"ಕೈಯಾಗಿನ ಟ್ಯಾಬ್ ತಗದ್ಲು. 'ಮುಸ್ಲಿಮರಿಗೆ ಬೆಂಚು ಬೇಕು' ಅಂತ ಬರಕೊಂಡ್ಲು."

೩. ಗೋಡೆ ಮೇಲಿನ ಚಿತ್ರ

ನಮ್ಮ ಕನ್ನಡದವರ ಪಾಟ್‌ಲಕ್ ಊಟಕ್ಕೆ ಬಿಸಿಬೇಳೆಬಾತು ಮಾಡ್ಕೊಂಡು ಹೋದೆ. ಅದು ಆರಿಹೋಗೋವರೆಗೆ ಒಬ್ಬ ರಿಟೈರ್ಡ್ ಇಂಜಿನಿಯರು ಓಟಿನ ಲೆಕ್ಕಾಚಾರದ ಭಾಷಣ ಮಾಡಿದರು. ಗೋಡೆ ಮೇಲೆ ಬಣ್ಣಬಣ್ಣದ ಚಿತ್ರ ಬೇರೆ. ಏಷ್ಯಾದವರು ಹೀಗೆ ಹಾಕ್ತಾರೆ, ಹಿಂದೂಗಳು ಹಾಗೆ, ವಯಸ್ಸಾದವರು ಇನ್ನೊಂದು ಥರ. ಸಂತೆಯಲ್ಲಿ ತರಕಾರಿ ಗುಡ್ಡೆ ಹಾಕಿದ ಹಾಗೆ.

"ನಾನು ಯಾವುದರಲ್ಲಿದ್ದೀನಿ ಸ್ವಾಮಿ?" ಅಂದೆ.

"ನೀವು ಮೂರರಲ್ಲೂ ಇದ್ದೀರಮ್ಮ."

"ಹಾಗಾದ್ರೆ ನನಗೆ ಮೂರು ಓಟಾ?"

೪. ಅರಿಶಿನ

ಇಲ್ಲಿ ಓಟಿನ ಹಾಳೆ ಅಂಚೆಯಲ್ಲಿ ಮನೆಗೇ ಬರುತ್ತೆ. ಊರಲ್ಲಾದರೆ ಆ ರಟ್ಟಿನ ಮರೆಗೆ ಕಟ್ಟಿಕೊಂಡ ಗಂಡನೂ ಬರೋ ಹಾಗಿರಲಿಲ್ಲ. ಇಲ್ಲಿ ಊಟದ ಟೇಬಲ್ಲೇ ಬೂತು. ಮೊಮ್ಮಗಳು ಹೆಸರು ಓದಿ ಯಾವುದು ಯಾವ ಸಾಲಲ್ಲಿದೆ ಅಂತ ತೋರಿಸಿದಳು. ಅಷ್ಟಕ್ಕೇ ನಿಲ್ಲಿಸಬಾರದಾ?

"ಅಮ್ಮ, ನಮ್ಮಂಥವರು ಇವನಿಗೇ ಹಾಕೋದು," ಅಂದ ಮಗ.

"ನೋ ಅಜ್ಜಿ, ಬ್ರೌನ್ ವಿಮೆನ್ ಆಗಿ ನಾವು ಇವಳಿಗೆ," ಅಂತ ಮೊಮ್ಮಗಳು ಮತ್ತೊಂದು ಹೆಸರು ತೋರಿಸಿದಳು. ಬಸ್ಸು ತರ್ತೀನಿ ಅಂದ ಆ ಬಸ್ಸಿನ ಹೆಂಗಸು ಇಬ್ಬರ ಕಣ್ಣಿಗೂ ಬಿದ್ದಿರಲಿಲ್ಲ.

ಮೈ ಉರಿದುಹೋಯ್ತು. ಹಾಳೆ ತಗೊಂಡು ದೇವರ ಮುಂದೆ ಇಟ್ಟೆ. ಇಲ್ಲಿ ಮೊದಲ ಓಟು ಅಲ್ವಾ, ಶುಭಕ್ಕೆ ಅಂತ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದೆ.

ಮಗ ತಲೆ ಮೇಲೆ ಕೈ ಇಟ್ಕೊಂಡ. "ಅಮ್ಮ, ಇದೇನು ಲಗ್ನಪತ್ರಿಕೆನಾ? ಮೆಷಿನು ಓದಲ್ಲ ಇದನ್ನ."

ಬೇರೆ ಹಾಳೆ ಕೇಳೋಕೆ ಓಟಿನ ಸೆಂಟರಿಗೇ ಹೋದೆವು. ಕೂತಿದ್ದಾಕೆ ಅರಿಶಿನ ಮೂಸಿ ನೋಡಿ, ನಕ್ಕು, ಹೊಸದು ಕೊಟ್ಟಳು. ಅಪ್ಪ ಮಗಳು ಇಬ್ಬರೂ ಅಲ್ಲಿನ ಮರೆಗೂ ನನ್ನ ಹಿಂದೆಯೇ ಹೊರಟರು. ಸಹಾಯಕ್ಕೆ ಯಾರು ಬೇಕು ಅಂತ ಆಕೆ ನನ್ನನ್ನೇ ಕೇಳಿದಳು. ನನಗೆ ಬರೋ ಇಂಗ್ಲಿಷಲ್ಲಿ "ನೋಬಡಿ" ಅಂದೆ. ಅವರಿಬ್ಬರು ಬಾಗಿಲ ಹತ್ತಿರ ಜಗಳ ಆಡ್ತಾ ನಿಂತಿರುವಾಗ ನಾನು ಒಳಗೆ ಬಸ್ಸಿಗೆ ಓಟು ಹಾಕಿದೆ.

ಆಮೇಲೆ ಯಾರು ಏನಾದರು ಅಂತೀರಾ? ಮಗ, ಅಮ್ಮ ನನ್ನ ಮಾತು ಕೇಳಿದಳು ಅಂತ ಸುಖವಾಗಿದ್ದಾನೆ. ಮೊಮ್ಮಗಳೂ ಹಾಗೇ ಅಂದ್ಕೊಂಡಿದ್ದಾಳೆ. ಪ್ರಚಾರದವಳಿಗೆ ಗೆದ್ದವನ ಆಫೀಸಲ್ಲೇ ಕೆಲಸ ಸಿಕ್ಕಿತು. ಹೂಂ, ಗೆದ್ದವನು ಆ ಕುರ್ತಾ-ಟೊಪಿಗಿಯವನೇ. ಬಸ್ಸಿನ ಹೆಂಗಸು ಸೋತಳು. ನನ್ನ ಜೊತೆಗಾತಿಯೂ ಅವನಿಗೇ ಹಾಕಿದ್ದಳಂತೆ, ಬೆಂಚಿಗೋಸ್ಕರ. ನಾವಿಬ್ಬರೂ ಬೇರೆ ಬೇರೆ ಹಾಕಿದ್ದು ಮಾತ್ರ ಇಂಜಿನಿಯರ ಕಿವಿಗೆ ಬಿದ್ದು, "ನೋಡಿದ್ರಾ, ಹಿಂದೂ ಮುಸ್ಲಿಂ ಬೇರೆ ಬೇರೆ ಹಾಕಿದ್ದಾರೆ" ಅಂತ ಇನ್ನೊಂದು ಚಿತ್ರ ಬರೆದರು.

ಬೆಂಚು ಮಾತ್ರ ನಿಜವಾಗಿ ಬಂತು. ದಿನಾ ಸಾಯಂಕಾಲ ಇಬ್ಬರೂ ಅದರ ಮೇಲೆ ಕೂತು, ಬಾರದ ಬಸ್ಸಿಗೆ ಯಾರ ಓಟು ಕಾರಣ ಅಂತ ಜಗಳ ಆಡ್ತೀವಿ.