ಹನ್ನೆರಡು ಜನರ ದೋಣಿ ಮತ್ತು ಒಂದು ಟಿಶ್ಯೂ ಪೊಟ್ಟಣ

ನಾನು ಯಾರ ಗೊಡವೆಗೂ ಹೋಗದ ಮನುಷ್ಯ. ಆದರೂ ಸಿಂಗಪುರಕ್ಕೆ ಬಂದ ಮೇಲೆ, ನಾನು ಸುಮ್ಮನೆ ನಿಂತ ಕಡೆಯಲ್ಲೇ ಏನಾದರೊಂದು ಆಗುತ್ತದೆ. ಆದದ್ದಕ್ಕೆಲ್ಲ ನನ್ನನ್ನೇ ಹಿಡಿಯುತ್ತಾರೆ.

ಇದನ್ನು ಬರೆಯಲು ಕೂತಾಗ ನನ್ನ ಹೆಂಡತಿ ಒಂದು ಷರತ್ತು ಹಾಕಿದಳು. ಬರೆದದ್ದನ್ನು ಅವಳು ಓದಬೇಕು, ಸುಳ್ಳು ಇದ್ದ ಕಡೆ ತಿದ್ದಬೇಕು. ಒಪ್ಪಿದ್ದೇನೆ. ಆವರಣದಲ್ಲಿ ಬರುವ ಮಾತುಗಳೆಲ್ಲ ಅವಳವು.

ಅವಳು ಧಾರವಾಡದವಳು. ಸಮುದ್ರವನ್ನು ಮದುವೆಯ ನಂತರ ನೋಡಿದವಳು. ಈ ದೇಶಕ್ಕೆ ಬಂದಾಗ ನನ್ನಲ್ಲಿ ಒಂದೇ ಒಂದು ಕೇಳಿದ್ದಳು: "ರೀ, ನಂಗೆ ಶಾಪಿಂಗ್ ಬೇಡ, ದೊಡ್ಡ ಕಾಂಡೋ ಮನೆ ಬೇಡ. ಯಾವುದಾದ್ರೂ ಒಂದು ಸಣ್ಣ ದ್ವೀಪಕ್ಕೆ ಕರ್ಕೊಂಡು ಹೋಗಿ. ಒಂದು ಇಡೀ ದಿನ ಸುಮ್ಮನೆ ಕೂತು ಸಮುದ್ರ ನೋಡಬೇಕು."

"ನಾವಿರೋದೇ ದ್ವೀಪದಲ್ಲಿ ಅಲ್ವೇನೇ? ಬಾಲ್ಕನಿಯಲ್ಲಿ ಕೂತ್ಕೋ," ಅಂದೆ.

(ನಮ್ಮ ಮನೆಗೆ ಬಾಲ್ಕನಿ ಇಲ್ಲ. ಅಡಿಗೆಮನೆ ಕಿಟಕಿಯಿಂದ ಕಾಣುವುದು ಎದುರು ಬ್ಲಾಕಿನವರು ಒಣಹಾಕಿದ ಬಟ್ಟೆ.)

೧. ಮರೆತುಹೋದ ವಸ್ತುಗಳು

ನನ್ನ ಆಫೀಸು ಉಬಿ ಅನ್ನುವ ಬಡಾವಣೆಯಲ್ಲಿ. ಕೆಳಗೆ ಗ್ಯಾರೇಜು, ಮೇಲೆ ನಾವು. ಅಲ್ಲಿಗೆ ಹುಬ್ಬಳ್ಳಿಯಿಂದ ಹೊಸಬರೊಬ್ಬರು ಸೇರಿದರು. ನಲವತ್ತರ ಆಸುಪಾಸು, ತುಂಬ ಸಂಭಾವಿತರು, ಯಾರು ಏನು ಹೇಳಿದರೂ ನಂಬುವವರು. ಮನೆ ಯಿಶುನ್‌ನಲ್ಲಿ. ಹಾಗಾಗಿ ಇಲ್ಲಿ ಅವರನ್ನು ಯಿಶುನ್ ಗೆಳೆಯ ಅಂತಲೇ ಕರೆಯುತ್ತೇನೆ.

ಮೊದಲ ದಿನ ಮಧ್ಯಾಹ್ನ ಊಟದಂಗಡಿಗಳ ಸಾಲಿರುವ ಹಾಕರ್ ಸೆಂಟರ್‌ಗೆ ಕರೆದುಕೊಂಡು ಹೋದೆ. ಇಲ್ಲಿಯ ಜನಕ್ಕೆ ಒಂದು ಪದ್ಧತಿ ಇದೆ. ಊಟ ತರಲು ಹೋಗುವ ಮುಂಚೆ ಟೇಬಲ್ಲಿನ ಮೇಲೆ ಒಂದು ಟಿಶ್ಯೂ ಪೊಟ್ಟಣ ಇಟ್ಟು ಹೋಗುತ್ತಾರೆ. ಅದಕ್ಕೆ 'ಚೋಪ್' ಮಾಡುವುದು ಅನ್ನುತ್ತಾರೆ. ನಮ್ಮೂರ ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕಿದಂತೆ. ಒಂದು ವ್ಯತ್ಯಾಸ: ಇಲ್ಲಿ ಆ ಜಾಗವನ್ನು ಯಾರೂ ಮುಟ್ಟುವುದಿಲ್ಲ.

ಯಿಶುನ್ ಗೆಳೆಯರಿಗೆ ಇದು ಗೊತ್ತಿಲ್ಲ. ಸುತ್ತ ನೋಡಿ ಕೇಳಿದರು: "ಇದೇನ್ರಿ ಸರ, ಈ ಮಂದಿ ಎಷ್ಟು ಮರೆವಿನವರು. ಎಲ್ಲಾರೂ ಟಿಶ್ಯೂ ಬಿಟ್ಟು ಹೋಗ್ಯಾರಲ್ರಿ."

ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. "ಪಾಪ, ಕೆಲಸದ ಒತ್ತಡ," ಅಂದೆ ಅಷ್ಟೆ.

ನಾನು ಇಬ್ಬರಿಗೂ ಊಟದ ತಟ್ಟೆ ಹಿಡಿದು ವಾಪಸ್ ಬರುವಷ್ಟರಲ್ಲಿ ಆ ಪುಣ್ಯಾತ್ಮರು ಮೂವತ್ತು ಪೊಟ್ಟಣ ಒಟ್ಟು ಮಾಡಿ (ಎಂಟು), ಟೇಬಲ್ ಒರೆಸುವ ಅಜ್ಜಿಯ ಕೈಗೆ ಒಪ್ಪಿಸಿ, "ಲಾಸ್ಟ್ ಅಂಡ್ ಫೌಂಡ್" ಅನ್ನುತ್ತಿದ್ದರು. ಅಜ್ಜಿ ಚೀನೀ ಭಾಷೆಯಲ್ಲಿ ಏನು ಹೇಳಿದಳೋ ತಿಳಿಯಲಿಲ್ಲ, ಅದು ಆಶೀರ್ವಾದ ಆಗಿರಲಿಲ್ಲ. ಜಾಗ ಕಳೆದುಕೊಂಡವರೆಲ್ಲ ಬಿಸಿ ಬಿಸಿ ನೂಡಲ್ಸ್ ಹಿಡಿದು ಅಲ್ಲೇ ಸುತ್ತುತ್ತಿದ್ದರು.

ಎರಡು ತಟ್ಟೆ ಹಿಡಿದುಕೊಂಡೇ ನಗುತ್ತಾ ನಮ್ಮ ಟೇಬಲ್ಲಿಗೆ ಬಂದೆ. ಅಲ್ಲಿ ನಾಲ್ವರು ಮೆಕ್ಯಾನಿಕ್‌ಗಳು ಕೂತು ಉಣ್ಣುತ್ತಿದ್ದರು. ನಾನು ಅಲ್ಲಿ ಇಟ್ಟು ಹೋಗಿದ್ದ ಪೊಟ್ಟಣವನ್ನೂ ಗೆಳೆಯರು ಬಿಟ್ಟಿರಲಿಲ್ಲ.

ನಿಂತುಕೊಂಡು ಉಂಡೆವು. ಅರ್ಧ ಊಟ ಆದ ಮೇಲೆ ಗೆಳೆಯರು ಹೇಳಿದರು: "ಸರ, ನಿಮ್ಮದೂ ಒಂದು ಮರ್ತಿದ್ರಿ. ಅದನ್ನೂ ಕೊಟ್ಟೇನ್ರಿ."

೨. ನಾಚಿಕೆಯ ಕಿಟಕಿ

ನಾವಿರುವುದು ಬುಕಿತ್ ಪಂಜಾಂಗ್. ಆಗಿನ್ನೂ ದೊಡ್ಡ ಎಂಆರ್‌ಟಿ ಮೆಟ್ರೋ ನಮ್ಮ ಏರಿಯಾಕ್ಕೆ ಬಂದಿರಲಿಲ್ಲ. ಮನೆಮನೆಗಳ ನಡುವೆ ಗಿರಗಿರ ಸುತ್ತುವ ಒಂದು ಪುಟ್ಟ ರೈಲು ಮಾತ್ರ ಇತ್ತು. ಅದರ ವಿಶೇಷ ಏನೆಂದರೆ, ಬ್ಲಾಕುಗಳ ಹತ್ತಿರ ಬಂದ ಕೂಡಲೇ ಕಿಟಕಿಯ ಗಾಜು ತಾನಾಗಿಯೇ ಮಬ್ಬಾಗುತ್ತದೆ. ಒಳಗಿದ್ದವರು ಮಂದಿಯ ಮನೆಯೊಳಗೆ ಇಣುಕದಿರಲಿ ಅಂತ.

ಹೆಂಡತಿ ಕೇಳಿಕೊಂಡಂತೆ ಒಂದು ಶನಿವಾರ ದಕ್ಷಿಣದ ಪುಟ್ಟ ದ್ವೀಪವೊಂದಕ್ಕೆ ಹೊರಟೆವು. ನಾನು, ಅವಳು, ಮಗಳು. ಯಿಶುನ್ ಗೆಳೆಯರು ಹಿಂದಿನ ದಿನ ನಮ್ಮಲ್ಲೇ ಉಳಿದಿದ್ದರಿಂದ ಅವರೂ ಜೊತೆಗೆ. ದೋಣಿಯ ಟಿಕೆಟ್ಟುಗಳನ್ನು ಪ್ರಿಂಟ್ ಹಾಕಿಸಿ ಜೇಬಿನಲ್ಲಿಟ್ಟುಕೊಂಡಿದ್ದೂ ಅವರೇ.

ರೈಲು ಹೊರಟಿತು, ಗಾಜು ಮಬ್ಬಾಯಿತು. ಅವರು ಗಾಬರಿಯಾಗಿ ನನ್ನ ಮುಖ ನೋಡಿದರು.

"ಯಾರೋ ಒಳಗಿಂದ ಮನೆಯೊಳಗೆ ನೋಡಿರಬೇಕು. ಸೆನ್ಸರ್ ಇದೆ, ಕಣ್ಣು ಯಾವ ಕಡೆ ಹೋಯ್ತು ಅಂತ ಗೊತ್ತಾಗತ್ತೆ," ಅಂದೆ.

"ನಾ ನೋಡಿಲ್ರಿ."

"ನೀವು ನೋಡಿಲ್ಲ ಬಿಡಿ. ಆದ್ರೂ ಮೂರು ಸಲ ಆದ್ರೆ ವರ್ಕ್ ಪಾಸ್ ಮೇಲೆ ಒಂದು ಮಾರ್ಕ್ ಬೀಳತ್ತಂತೆ."

ಅಷ್ಟೇ ನಾನು ಹೇಳಿದ್ದು. ಅವರು ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಮೊಣಕಾಲ ಮೇಲೆ ಬಗ್ಗಿ ಕೂತುಬಿಟ್ಟರು. ಕಡೆಯ ಸ್ಟೇಷನ್ ಬಂತು. ಇಲ್ಲಿ ಇಳಿದು ದೊಡ್ಡ ರೈಲು ಹಿಡಿಯಬೇಕು. ಜನ ಕಿಕ್ಕಿರಿದಿತ್ತು, ನಾವು ಮೂವರು ಇಳಿದೆವು. ತಿರುಗಿ ನೋಡಿದರೆ ಬಾಗಿಲು ಮುಚ್ಚಿತ್ತು. ಒಳಗೆ ಯಿಶುನ್ ಗೆಳೆಯರು ಅದೇ ಭಂಗಿಯಲ್ಲಿ, ನಮ್ಮ ನಾಲ್ಕು ಟಿಕೆಟ್ಟುಗಳ ಸಮೇತ, ಪುನಃ ಬುಕಿತ್ ಪಂಜಾಂಗ್ ಕಡೆಗೆ ಹೊರಟಿದ್ದರು.

ಫೋನ್ ಮಾಡಿದೆ. ಎತ್ತಲಿಲ್ಲ. ಎತ್ತಬೇಕಾದರೆ ಕಣ್ಣು ಬಿಡಬೇಕಲ್ಲ.

ಆ ರೈಲು ಇಡೀ ಊರು ಸುತ್ತಿ ವಾಪಸ್ ಬರುವವರೆಗೆ ಪ್ಲಾಟ್‌ಫಾರ್ಮಿನಲ್ಲಿ ನಿಂತೆವು. ಹೆಂಡತಿ ನನ್ನ ಕಡೆ ತಿರುಗಿ, "ಏನು ಹೇಳಿದ್ರಿ ಅವರಿಗೆ?" ಅಂದಳು. ನಾನು ಹವಾಮಾನದ ಬಗ್ಗೆ ಹೇಳಿದೆ.

ದೋಣಿ ತಪ್ಪಿತು ಅನ್ನುವುದು ಅಷ್ಟರಲ್ಲಿ ಖಾತ್ರಿಯಾಗಿತ್ತು. ರೈಲು ಬಂತು. ಒಳಗೆ ನುಗ್ಗಿ ಗೆಳೆಯರ ಭುಜ ತಟ್ಟಿದೆ. ಮುಖದಿಂದ ಒಂದೇ ಬೆರಳು ಸರಿಸಿ ಮೆಲ್ಲಗೆ ಕೇಳಿದರು:

"ದ್ವೀಪ ಬಂತೇನ್ರಿ?"

೩. ಬಿಳಿ ಗಟ್ಟಿ

ಎರಡನೇ ಸಲ ಗೆಳೆಯರನ್ನು ಬಿಟ್ಟು ನಾವು ಮೂವರೇ ಹೊರಟೆವು. ಸಮುದ್ರದ ಆಚೆ, ಇಂಡೋನೇಷ್ಯಾಕ್ಕೆ ಸೇರಿದ ಬಾತಮ್ ದ್ವೀಪಕ್ಕೆ. ಬೆಳಿಗ್ಗೆ ಹೋಗಿ ಸಂಜೆ ಬರುವುದು. ಹೆಂಡತಿ ಎಂದಿನಂತೆ ಚಿತ್ರಾನ್ನ, ಶೇಂಗಾ ಚಟ್ನಿಪುಡಿ, ಮೊಸರನ್ನ ಕಟ್ಟಿದಳು. ಜೊತೆಗೆ ಒಂದು ಸ್ಟೀಲ್ ಡಬ್ಬಿಯಲ್ಲಿ ವಿಭೂತಿ ಗಟ್ಟಿ.

ಹಡಗು ಹತ್ತುವ ಮುಂಚೆ ಬ್ಯಾಗು ಯಂತ್ರದೊಳಗೆ ಹೋಯಿತು. ಅಧಿಕಾರಿ ಡಬ್ಬಿ ತೆಗೆಸಿದ. ಬೆಳ್ಳಗೆ, ಚೌಕವಾಗಿ, ಗಟ್ಟಿಯಾಗಿ ಇತ್ತು. ಏನಿದು ಅಂದ.

"ಹೋಲಿ ಆ್ಯಶ್," ಅಂದಳು ಹೆಂಡತಿ.

ನಾನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ಆದರೆ ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಇಂಗ್ಲಿಷಿನಲ್ಲಿ, ಬಹಳ ನೊಂದ ಮುಖ ಮಾಡಿ ಹೇಳಿದೆ: "ಮನೆಯಲ್ಲೇ ಬಿಟ್ಟು ಬಾ ಅಂತ ಹೇಳಿದ್ದೆ ಸರ್. ಇದಿಲ್ಲದೆ ಇವಳಿಗೆ ಒಂದು ಬೆಳಗೂ ಕಳೆಯಲಾಗದು. ಇವಳ ತಾಯಿಗೂ ಇದೇ ಅಭ್ಯಾಸ."

ಆ ಮನುಷ್ಯನ ಮುಖ ನೋಡಬೇಕಿತ್ತು. ಮುಂದಿನ ಎರಡು ಗಂಟೆ (ಐವತ್ತು ನಿಮಿಷ. ಸಾಕಾಗಿತ್ತು.) ನಾವು ಒಂದು ಕೋಣೆಯಲ್ಲಿ ಕೂತಿದ್ದೆವು. ಹೆಂಡತಿ ತಾಳ್ಮೆಯಿಂದ ಗಟ್ಟಿಯನ್ನು ತೇಯ್ದು, ಮೂರು ಬೆರಳಲ್ಲಿ ಬಳಿದು, ಮೊದಲು ಮಗಳ ಹಣೆಗೆ, ಆಮೇಲೆ ತನ್ನ ಹಣೆಗೆ ಹಚ್ಚಿ ತೋರಿಸಿದಳು. ಅವರು ಅದನ್ನು ಪರೀಕ್ಷೆಗೆ ಕಳಿಸಿದರು. ಬೂದಿ ಅಂತ ವರದಿ ಬಂತು. ಅಧಿಕಾರಿ ಅವಳ ಕ್ಷಮೆ ಕೇಳಿ ಡಬ್ಬಿ ಕೊಟ್ಟ. ನನ್ನ ಕಡೆ ನೋಡಿದ ನೋಟದಲ್ಲಿ ಕ್ಷಮೆ ಇರಲಿಲ್ಲ.

ನಮ್ಮ ಹಡಗು ಹೋಗಿತ್ತು. ಮಧ್ಯಾಹ್ನದ ಹಡಗಿಗೆ ಹತ್ತಿಸಿದರು. ಬಾತಮ್‌ನಲ್ಲಿ ಇಳಿದು, ಇಮಿಗ್ರೇಷನ್ ಸಾಲು ಮುಗಿಸಿ ಹೊರಗೆ ಬಂದು ಗಡಿಯಾರ ನೋಡಿದೆ. ತಿರುಗಿ ಇಮಿಗ್ರೇಷನ್ ಸಾಲಿನಲ್ಲಿ ನಿಲ್ಲುವ ಹೊತ್ತಾಗಿತ್ತು. ಚಿತ್ರಾನ್ನವನ್ನು ಸಾಲಿನಲ್ಲೇ ತಿಂದೆವು.

ಮಾರನೇ ಬೆಳಿಗ್ಗೆ ಹೆಂಡತಿ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ನಾನು ಕಾಫಿ ಕುಡಿಯುತ್ತಿದ್ದಲ್ಲಿಗೆ ಬಂದಳು. ಕೋಪ ಬಂದಾಗ ಅವಳಿಗೆ ಧಾರವಾಡ ತಾನಾಗಿ ಬರುತ್ತದೆ.

"ನೋಡ್ರಿ, ಇದಿಲ್ಲದ ನನಗ ಒಂದು ಮುಂಜಾನಿ ಕಳ್ಯಾಕ ಆಗಂಗಿಲ್ಲ, ಖರೇ. ನೀವಿಲ್ಲದ ಆಗ್ತೈತೇನೋ. ಒಮ್ಮೆ ಟ್ರೈ ಮಾಡಿ ನೋಡ್ತೀನಿ."

೪. ಹನ್ನೊಂದು ಮಂದಿ, ಒಂದು ಕಂಬ

ಆಮೇಲೆ ಅವಳು ದ್ವೀಪದ ಸುದ್ದಿ ಎತ್ತಲಿಲ್ಲ. ಅದೇ ನನಗೆ ಹೆದರಿಕೆಯಾಗಿದ್ದು. ಕೊನೆಗೆ ಮಗಳ ಶಾಲೆಗೆ ರಜೆ ಬಂದಾಗ ನಾನೇ ಹೇಳಿದೆ: "ಮಂಗಳವಾರ ರಜೆ ಹಾಕ್ತೀನಿ. ಇಲ್ಲೇ ಹತ್ತಿರದ ದ್ವೀಪ ಪುಲಾವ್ ಉಬಿನ್‌ಗೆ ಹೋಗೋಣ. ಹತ್ತು ನಿಮಿಷದ ದೋಣಿ. ಪಾಸ್‌ಪೋರ್ಟ್ ಬೇಡ, ಟಿಕೆಟ್ ಬುಕ್ ಮಾಡೋದೂ ಬೇಡ."

"ತಮಾಷೆ?"

"ಒಂದೂ ಇಲ್ಲ. ಮಗಳಾಣೆ."

"ಅವಳ ಆಣೆ ಯಾಕೆ, ನಿಮ್ಮ ಕಾಫಿ ಆಣೆ ಇಡಿ," ಅಂದಳು. ಇಟ್ಟೆ. "ಇದೂ ಹಾಳಾದ್ರೆ ಇನ್ನು ನಿಮ್ಮ ಜೊತೆ ಬಸ್‌ಸ್ಟಾಪಿಗೂ ಬರಲ್ಲ," ಅಂದಳು.

ಯಿಶುನ್ ಗೆಳೆಯರನ್ನು ಅವಳೇ ಕರೆದಳು. ಅವರು, ಅವರ ಹೆಂಡತಿ, ಊರಿಂದ ಬಂದಿದ್ದ ಅವರ ಅತ್ತೆ ಮಾವ. ಒಟ್ಟು ನಾವು ಏಳು ಜನ. ದೋಣಿಕಟ್ಟೆಯಲ್ಲಿ ಆಗಲೇ ಗಾಳ ಹಿಡಿದ ಐವರು ಅಂಕಲ್‌ಗಳು ಕಾಯುತ್ತಿದ್ದರು.

ಅಲ್ಲಿಯ ದೋಣಿಗೆ ಟೈಮ್‌ಟೇಬಲ್ ಇಲ್ಲ. ಹನ್ನೆರಡು ಜನ ಆದರೆ ಹೊರಡುತ್ತದೆ. ಹನ್ನೊಂದಾದರೆ ಕಾಯಬೇಕು. ಹದಿಮೂರನೆಯವನನ್ನು ಹತ್ತಿಸುವುದಿಲ್ಲ. ನಮ್ಮ ಮೈಸೂರಲ್ಲಿ ನಂಜನಗೂಡಿನ ಟೆಂಪೋಗಳೂ ತುಂಬಿದ ಮೇಲೆಯೇ ಹೊರಡುತ್ತಿದ್ದವು, ಆದರೆ ಅಲ್ಲಿ ತುಂಬುವುದಕ್ಕೆ ಲೆಕ್ಕ ಇರಲಿಲ್ಲ.

ಐದು ಮತ್ತು ಏಳು, ಹನ್ನೆರಡು. ದೇವರೇ ಜೋಡಿಸಿದಂತಿತ್ತು. ಎಲ್ಲರೂ ಹತ್ತತೊಡಗಿದರು. ಯಿಶುನ್ ಗೆಳೆಯರು ಬೆರಳು ಮಡಚಿ ಎಣಿಸುತ್ತಿದ್ದರು, ಪ್ರತಿ ತಲೆಯನ್ನೂ ಎರಡು ಸಲ. ಅವರ ಆ ಮುಖ ನೋಡಿ ನನ್ನ ಕೈ ತುರಿಸತೊಡಗಿತು. ಇದು ತಮಾಷೆಯಲ್ಲ, ಹತ್ತು ಸೆಕೆಂಡಿನ ಮಾತು ಅಂದುಕೊಂಡು ಒಂದು ಕಂಬದ ಹಿಂದೆ ಸರಿದೆ.

"ಹನ್ನೊಂದು," ಅಂದರು ಗೆಳೆಯರು. ಮತ್ತೆ ಎಣಿಸಿದರು. "ಹನ್ನೊಂದೇ ಆಗ್ತಾವಲ್ರಿ. ಸರ ಎಲ್ರೀ ವೈನಿ?" ಅಂತ ನನ್ನ ಹೆಂಡತಿಯನ್ನು ಕೇಳಿದರು.

ನಾನು ಕಂಬ ಅಪ್ಪಿಕೊಂಡು ನಗು ತಡೆಯುತ್ತಿದ್ದೆ. ಅಷ್ಟರಲ್ಲಿ ಹಿಂದಿನಿಂದ ಯಾರೋ ದಡದಡ ನಡೆದು ಬಂದರು. ತರಕಾರಿ ಚೀಲ ಹಿಡಿದ ಒಬ್ಬ ಮಲಯ್ ಆಂಟಿ. ನೇರ ಹೋಗಿ ನನ್ನ ಜಾಗದಲ್ಲಿ ಕೂತಳು.

ಹೊರಗೆ ಹಾರಿದೆ. ಹೆಂಡತಿ ನನ್ನನ್ನು ನೋಡಿದಳು. ಕಂಬವನ್ನು ನೋಡಿದಳು. ತರಕಾರಿ ಆಂಟಿಯನ್ನು ನೋಡಿದಳು. ಅವಳ ಮುಖದ ಮೇಲೆ ನಾನು ಮದುವೆಯ ದಿನವೂ ಕಾಣದಂಥ ನೆಮ್ಮದಿ ಬಂತು. ಮಗಳ ಕಿವಿಯಲ್ಲಿ ಏನೋ ಹೇಳಿದಳು. ಮಗಳು ದೋಣಿಯವನ ಕಡೆ ತಿರುಗಿ ಈ ಊರಿನ ಇಂಗ್ಲಿಷಿನಲ್ಲಿ ಹೇಳಿದಳು:

"ಅಂಕಲ್, ಫುಲ್ ಆಲ್ರೆಡಿ ಲಾ. ಕ್ಯಾನ್ ಗೋ."

ದೋಣಿ ಹೋಯಿತು. ಕಟ್ಟಿಕೊಂಡು ಬಂದ ಚಿತ್ರಾನ್ನವೂ ಹೋಯಿತು. ಯಿಶುನ್ ಗೆಳೆಯರು ಮಾತ್ರ ದೂರದವರೆಗೂ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದು ಕಂಡಿತು. ಈ ಸಲ ನಗು ಮುಚ್ಚಿಕೊಳ್ಳಲು.

ಮುಂದಿನ ದೋಣಿಯವನು ಕಾಲು ಚಾಚಿ ಪೇಪರ್ ಓದುತ್ತಿದ್ದ. ಎಷ್ಟು ಜನ ಅಂದ. ಒಬ್ಬ ಅಂದೆ. ಇನ್ನು ಹನ್ನೊಂದು ಅಂದ. ಮಂಗಳವಾರ ಬೆಳಿಗ್ಗೆ ಉಬಿನ್‌ಗೆ ಹೋಗುವವರು ಯಾರು? ಅರ್ಧ ಗಂಟೆಯಲ್ಲಿ ಇಬ್ಬರು ಬಂದರು. ಕೊನೆಗೆ ನಾನೇ ರಸ್ತೆಗೆ ಹೋಗಿ ನಿಂತು, ಟೆಂಪೋ ಕ್ಲೀನರ್‌ನ ಹಾಗೆ "ಉಬಿನ್ ಉಬಿನ್ ಉಬಿನ್" ಅಂತ ಕೂಗಿದೆ. ನೂರಾರು ಜನ ನೋಡಿದರು. (ಇದನ್ನು ನೋಡಲು ನಾನಿರಲಿಲ್ಲ. ಇರಬೇಕಿತ್ತು.) ಹೇಗೋ ಒಂಬತ್ತು ಆಯಿತು. ಕಾದು ಬೇಸತ್ತು ನಾಲ್ವರು ಊಟಕ್ಕೆ ಹೋದರು. ಮತ್ತೆ ಐದು.

ನಡುನಡುವೆ ಫೋನಿಗೆ ಫೋಟೋ ಬರುತ್ತಿದ್ದವು. ಮೊದಲನೆಯದರಲ್ಲಿ ಸಮುದ್ರ. ಎರಡನೆಯದರಲ್ಲಿ ಸಮುದ್ರ, ಚಿತ್ರಾನ್ನ. ಮೂರನೆಯದರಲ್ಲಿ ಮರದ ಕೆಳಗೆ ಒಂದು ಬೆಂಚು, ಬೆಂಚಿನ ಮೇಲೆ ಹೆಂಡತಿ, ಅವಳ ಪಕ್ಕದ ಖಾಲಿ ಜಾಗದಲ್ಲಿ ಒಂದು ಟಿಶ್ಯೂ ಪೊಟ್ಟಣ. ಕೆಳಗೆ ಬರೆದಿದ್ದಳು: "ನಿಮ್ಮ ಜಾಗ ಹಿಡಿದಿಟ್ಟಿದ್ದೀನಿ."

ಸುಳ್ಳು ಹೇಳಬಾರದು, ಅದನ್ನು ನೋಡಿ ಕಣ್ಣು ಸ್ವಲ್ಪ ಒದ್ದೆಯಾಯಿತು. ಎರಡು ಪಟ್ಟು ಜೋರಾಗಿ ಕೂಗಿದೆ.

ಅಂತೂ ಹನ್ನೆರಡು ತುಂಬಿ, ಆ ದ್ವೀಪದಲ್ಲಿ ಇಳಿದಾಗ ಮಧ್ಯಾಹ್ನ ಮೂರೂವರೆ. ಓಡಿಕೊಂಡೇ ಹೋದೆ. ಅದೇ ಮರ, ಅದೇ ಬೆಂಚು. ಹೆಂಡತಿ ಸಮುದ್ರ ನೋಡುತ್ತಾ ಕೂತಿದ್ದಳು. ಅವಳ ಪಕ್ಕ, ನನ್ನ ಜಾಗದಲ್ಲಿ, ಒಂದು ಕೋತಿ. ದೊಡ್ಡದು, ವಯಸ್ಸಾದದ್ದು, ಹೊಟ್ಟೆ ಸ್ವಲ್ಪ ಮುಂದೆ ಬಂದದ್ದು. ತೊಡೆಯ ಮೇಲೆ ನನ್ನ ಟಿಶ್ಯೂ ಪೊಟ್ಟಣ ಇಟ್ಟುಕೊಂಡು ಅದೂ ಸಮುದ್ರ ನೋಡುತ್ತಿತ್ತು.

"ಹಚಾ," ಅಂತ ಕೈ ಎತ್ತಿದೆ.

"ಅಪ್ಪಾ, ಕ್ಯಾನಾಟ್ ಲಾ," ಅಂದಳು ಕೆಳಗೆ ಚಾಪೆಯ ಮೇಲಿದ್ದ ಮಗಳು. "ಹಿ ಚೋಪ್ ಆಲ್ರೆಡಿ."

ಹೆಂಡತಿ ತಿರುಗಲೂ ಇಲ್ಲ. "ಎಬ್ಬಿಸಬೇಡಿ ರೀ," ಅಂದಳು ಮೆಲ್ಲಗೆ. "ಒಂದು ಗಂಟೆಯಿಂದ ಕೂತಿದೆ. ಒಂದು ತಮಾಷೆ ಮಾಡಿಲ್ಲ."

ನಾನು ಚಾಪೆಯ ತುದಿಯಲ್ಲಿ ಕೂತೆ. ಯಿಶುನ್ ಗೆಳೆಯರು ಉಳಿದಿದ್ದ ಎರಡು ತುತ್ತು ಚಿತ್ರಾನ್ನ ಕೊಟ್ಟರು.

(ಒಂದು ಬಿಟ್ಟುಹೋಗಿದೆ. ಕೋತಿ ಎದ್ದು ಹೋಗುವಾಗ ಪೊಟ್ಟಣವನ್ನು ಬೆಂಚಿನ ಮೇಲೆ ವಾಪಸ್ ಇಟ್ಟು ಹೋಯಿತು. ಈ ದೇಶದ ಪದ್ಧತಿ ಅದಕ್ಕೆ ಗೊತ್ತು.)